ಕಾರಿನ ಸಸ್ಪೆನ್ಷನ್ ಬುಷ್‌ಗಳಿಗೆ ಯಾವ ಗ್ರೀಸ್ ಹಚ್ಚಬೇಕು?

ಗುಮ್ಮಟನಗರಿ, ವಿಜಯಪುರ

ಎಲ್ಲರಿಗೂ ನಮಸ್ಕಾರ. ನನ್ನದು ಎಂಟು ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಾರು. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಕೂಡಿದ ಕಂಬ), ಲೋವರ್ ಆರ್ಮ್ (ಗಾಲಿಯನ್ನು ಗಾಡಿಯ ಚೌಕಟ್ಟಿಗೆ ಜೋಡಿಸುವ ಕೆಳತೋಳು) ಹಾಗೂ ಸ್ಟೆಬಿಲೈಜರ್ ಬಾರ್ (ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ಸರಳು) ಇವೆ. ಹಿಂದೆ ಟಾರ್ಷನ್ ಬೀಮ್ (ಎರಡೂ ಹಿಂದಿನ ಗಾಲಿಗಳನ್ನು ಜೋಡಿಸುವ ತೊಲೆ) ಇದೆ. ಕೆಲಸದ ನಿಮಿತ್ತ ಇಂಡಿ, ಸಿಂದಗಿ ಕಡೆಯ ಹಳ್ಳಿಗಳಿಗೆ ಆಗಾಗ ಹೋಗಬೇಕಾಗುತ್ತದೆ. ಹೆದ್ದಾರಿ ಬಿಟ್ಟು ಒಳದಾರಿಗೆ ಇಳಿದರೆ ಮಳೆಗಾಲದಲ್ಲಿ ಎರೆಮಣ್ಣಿನ ಕೆಸರು, ಬೇಸಿಗೆಯಲ್ಲಿ ಅದೇ ಮಣ್ಣಿನ ಧೂಳು ಗಾಡಿಯ ತಳಭಾಗವನ್ನೆಲ್ಲ ಮೆತ್ತಿಕೊಳ್ಳುತ್ತದೆ. ಇತ್ತೀಚೆಗೆ ರಸ್ತೆಯ ಉಬ್ಬುಗಳನ್ನು ನಿಧಾನವಾಗಿ ದಾಟುವಾಗ ಮುಂಭಾಗದಿಂದ ಹಳೆಯ ಬಾಗಿಲು ತೆರೆದಂತೆ ಕಿರ್ರೆನ್ನುವ ಸದ್ದು ಬರುತ್ತಿದೆ. ಗಾಡಿ ತೊಳೆಸಿದ ದಿನ ಸದ್ದು ಇರುವುದಿಲ್ಲ, ಮರುದಿನ ಬಿಸಿಲೇರುವ ಹೊತ್ತಿಗೆ ಮತ್ತೆ ಶುರುವಾಗುತ್ತದೆ.

ಈ ವಿಷಯದಲ್ಲಿ ಒಬ್ಬೊಬ್ಬರು ಒಂದೊಂದು ಮಾತು ಹೇಳುತ್ತಿದ್ದಾರೆ. ನಾನು ಗಾಡಿ ಬಿಡುವ ಗ್ಯಾರೇಜಿನಲ್ಲಿ ಎಲ್ಲ ಬುಷ್‌ಗಳಿಗೂ (ಈ ಭಾಗಗಳ ಕೀಲುಗಳಲ್ಲಿ ಕೂರುವ ರಬ್ಬರ್ ಕೊಳವೆಗಳಿಗೆ) ಎಂಪಿ3 ಗ್ರೀಸ್, ಅಂದರೆ ಎಲ್ಲ ಕೆಲಸಕ್ಕೂ ಬಳಸುವ ಲಿಥಿಯಂ ಗ್ರೀಸ್, ಮೆತ್ತಿದರೆ ಸಾಕು ಎನ್ನುತ್ತಾರೆ. ಗಾಡಿ ತೊಳೆಯುವವರು ಡೀಸೆಲ್ ಬೆರೆಸಿದ ಹಳೆಯ ಎಂಜಿನ್ ಆಯಿಲ್ ಅನ್ನು ತಳಕ್ಕೆಲ್ಲ ಸ್ಪ್ರೇ ಮಾಡುತ್ತೇವೆ, ತುಕ್ಕೂ ಹಿಡಿಯುವುದಿಲ್ಲ, ಸದ್ದೂ ಬರುವುದಿಲ್ಲ ಎಂದು ಒತ್ತಾಯ ಮಾಡುತ್ತಾರೆ. ಬಿಡಿಭಾಗಗಳ ಅಂಗಡಿಯವರು ಮಾತ್ರ ರಬ್ಬರಿಗೆ ಸಿಲಿಕೋನ್ ಗ್ರೀಸ್ ಬಿಟ್ಟು ಬೇರೇನನ್ನೂ ಮುಟ್ಟಿಸಬೇಡಿ ಎಂದರು. ಅದರ ಸಣ್ಣ ಟ್ಯೂಬಿನ ಬೆಲೆಗೆ ಎಂಪಿ3ಯ ದೊಡ್ಡ ಡಬ್ಬಿಯೇ ಬರುತ್ತದೆ. ಇದರ ನಡುವೆ ಸ್ನೇಹಿತರೊಬ್ಬರು ಸ್ಟೆಬಿಲೈಜರ್ ಬಾರಿಗೆ ರಬ್ಬರಿನ ಬದಲು ಪಾಲಿಯುರೆಥೇನ್ ಎಂಬ ಗಡಸು ಪ್ಲಾಸ್ಟಿಕ್‌ನಂಥ ವಸ್ತುವಿನ ಬುಷ್ ಹಾಕಿಸಿದರೆ ಈ ತಲೆನೋವೇ ಇರುವುದಿಲ್ಲ ಎಂದು ಹೇಳುತ್ತಿದ್ದಾರೆ.

ಯಾವ ಬುಷ್‌ಗೆ ಯಾವ ಗ್ರೀಸ್ ಎಂಬುದನ್ನು ಕಾರಣಸಹಿತ ತಿಳಿಸಿಕೊಟ್ಟರೆ ಉಪಕಾರವಾಗುತ್ತದೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದರಿಂದ ಹೆಚ್ಚು ಉಷ್ಣ ತಡೆಯುವ ಗ್ರೀಸನ್ನೇ ಹುಡುಕಬೇಕೇ ಎಂಬ ಸಂದೇಹವೂ ಇದೆ.

ಉದ್ಯಮಬಾಗದ ರಬ್ಬರ್ ಕೆಲಸದವ, ಬೆಳಗಾವಿ

ಸರ್, ತಮ್ಮ ಪ್ರಶ್ನೆಗೆ ನೇರ ಉತ್ತರ ಕೊಡುವುದಾದರೆ, ತಮ್ಮ ಗಾಡಿಯ ಹೆಚ್ಚಿನ ಬುಷ್‌ಗಳಿಗೆ ಯಾವ ಗ್ರೀಸೂ ಬೇಕಾಗಿಲ್ಲ. ಲೋವರ್ ಆರ್ಮ್ ಹಾಗೂ ಹಿಂದಿನ ಟಾರ್ಷನ್ ಬೀಮಿನಲ್ಲಿರುವ ಬುಷ್‌ಗಳಲ್ಲಿ ರಬ್ಬರ್ ಒಳಗಿನ ಉಕ್ಕಿನ ಕೊಳವೆಗೂ ಹೊರಗಿನ ಉಕ್ಕಿನ ಕವಚಕ್ಕೂ ಅಂಟಿಕೊಂಡಿರುತ್ತದೆ. ಕಾರ್ಖಾನೆಯಲ್ಲಿ ಲೋಹಕ್ಕೆ ಅಂಟುದ್ರವ್ಯ ಬಳಿದು, ಅಚ್ಚಿನಲ್ಲಿ ರಬ್ಬರನ್ನು ತುಂಬಿ, ಶಾಖ ಮತ್ತು ಒತ್ತಡದಲ್ಲಿ ಬೇಯಿಸಿದಾಗ ಆ ಬೆಸುಗೆ ಉಂಟಾಗುತ್ತದೆ. ಗಾಲಿ ಮೇಲೆ ಕೆಳಗೆ ಆಡುವಾಗ ಆರ್ಮ್ ತಿರುಗುವುದು ರಬ್ಬರ್ ತನ್ನೊಳಗೆ ತಿರುಚಿಕೊಳ್ಳುವುದರಿಂದಲೇ ಹೊರತು ಒಂದರ ಮೇಲೊಂದು ಜಾರುವುದರಿಂದಲ್ಲ. ಜಾರುವ ಮೇಲ್ಮೈಯೇ ಇಲ್ಲದ ಮೇಲೆ ಗ್ರೀಸ್ ಹೋಗಿ ಮಾಡುವ ಕೆಲಸವೇನೂ ಉಳಿಯುವುದಿಲ್ಲ. ಹೊರಗಿನಿಂದ ಮೆತ್ತಿದ ಗ್ರೀಸ್ ರಬ್ಬರಿನ ಅಂಚಿನಲ್ಲಿ ಕುಳಿತು ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಅಷ್ಟೆ.

ಎಂಪಿ3ಯ ವಿಷಯದಲ್ಲಿ ಬಹಳ ಮಂದಿ "ಲಿಥಿಯಂ ರಬ್ಬರನ್ನು ತಿನ್ನುತ್ತದೆ" ಎಂದು ತಿಳಿದಿದ್ದಾರೆ. ರಬ್ಬರಿಗೆ ತೊಂದರೆ ಕೊಡುವುದು ಲಿಥಿಯಂ ಅಲ್ಲ. ಯಾವುದೇ ಗ್ರೀಸಿನಲ್ಲಿ ಬಹುಪಾಲು ಇರುವುದು ಎಣ್ಣೆ. ಲಿಥಿಯಂ ಸೋಪು ಆ ಎಣ್ಣೆಯನ್ನು ಹಿಡಿದಿಡುವ ಹಂದರ ಮಾತ್ರ. ಎಂಪಿ3ಯಲ್ಲಿರುವ ಎಣ್ಣೆ ಕಚ್ಚಾತೈಲದಿಂದ ಬಂದ ಖನಿಜ ಎಣ್ಣೆ, ಬುಷ್‌ಗಳಲ್ಲಿರುವುದು ಹೆಚ್ಚಾಗಿ ನೈಸರ್ಗಿಕ ರಬ್ಬರ್. ಎರಡೂ ಹೈಡ್ರೋಕಾರ್ಬನ್‌ಗಳೇ ಆದ್ದರಿಂದ ಎಣ್ಣೆ ನಿಧಾನವಾಗಿ ರಬ್ಬರಿನೊಳಕ್ಕೆ ಇಳಿಯುತ್ತದೆ. ರಬ್ಬರ್ ಊದಿಕೊಳ್ಳುತ್ತದೆ, ಮೆತ್ತಗಾಗುತ್ತದೆ, ಕೊನೆಗೆ ಲೋಹದಿಂದ ಬಿಟ್ಟುಕೊಳ್ಳಲು ಆರಂಭಿಸುತ್ತದೆ. ಬಾಗಿಲ ಬೀಡಿಂಗಿನಲ್ಲಿ ಬಳಸುವ ಇಪಿಡಿಎಂ ರಬ್ಬರಿನದೂ ಇದೇ ಕಥೆ. ಆಯಿಲ್ ಸೀಲುಗಳಲ್ಲಿರುವ ನೈಟ್ರೈಲ್ ರಬ್ಬರ್ ಮಾತ್ರ ಖನಿಜ ಎಣ್ಣೆಯನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ. ಸೀಲಿಗೆ ಹಚ್ಚಿದ ಗ್ರೀಸಿನಿಂದ ಏನೂ ಆಗಲಿಲ್ಲವೆಂದು ಬುಷ್‌ಗೂ ಹಚ್ಚುವವರು ಈ ವ್ಯತ್ಯಾಸವನ್ನು ಗಮನಿಸುವುದಿಲ್ಲ.

ಕಣ್ಣಾರೆ ನೋಡಬೇಕೆಂದರೆ ಬಿಚ್ಚಿ ಎಸೆದ ಹಳೆಯ ಬುಷ್‌ನಿಂದ ಒಂದೇ ಅಳತೆಯ ಮೂರು ತುಂಡುಗಳನ್ನು ಕತ್ತರಿಸಿ, ಒಂದನ್ನು ಎಂಪಿ3ಯಲ್ಲಿ, ಇನ್ನೊಂದನ್ನು ಸಿಲಿಕೋನ್ ಗ್ರೀಸಿನಲ್ಲಿ ಹೂತಿಟ್ಟು, ಮೂರನೆಯದನ್ನು ಹಾಗೆಯೇ ಬಿಡಿ. ಎರಡು ಮೂರು ವಾರಗಳ ನಂತರ ಒರೆಸಿ ವರ್ನಿಯರ್‌ನಲ್ಲಿ ಅಳೆಯಿರಿ. ಎಂಪಿ3ಯಲ್ಲಿದ್ದ ತುಂಡು ದಪ್ಪವಾಗಿರುವುದು ಮಾತ್ರವಲ್ಲ, ಉಗುರಿನಿಂದ ಒತ್ತಿದರೆ ಗುರುತು ಬೇಗ ಮಾಯವಾಗುವುದಿಲ್ಲ, ಬೆರಳಿಗೆ ಕಪ್ಪು ಅಂಟಿಕೊಳ್ಳುತ್ತದೆ. ಸಿಲಿಕೋನಿನಲ್ಲಿದ್ದ ತುಂಡಿಗೂ ಮುಟ್ಟದೆ ಇಟ್ಟ ತುಂಡಿಗೂ ಹೇಳಿಕೊಳ್ಳುವಂಥ ಭೇದ ಕಾಣಿಸದು.

ಡೀಸೆಲ್ ಬೆರೆಸಿದ ಹಳೆಯ ಆಯಿಲ್ ಇವೆಲ್ಲಕ್ಕಿಂತ ಕೆಟ್ಟದ್ದು. ಅದು ತೆಳ್ಳಗಿರುವುದರಿಂದ ಗ್ರೀಸ್ ತಲುಪದ ಸಂದುಗಳಿಗೂ ಹೋಗಿ ಬುಷ್, ಸ್ಟೀರಿಂಗ್ ರ‍್ಯಾಕಿನ ರಬ್ಬರ್ ಬೂಟು, ಎಂಜಿನ್ ಮೌಂಟಿಂಗ್ ಎಲ್ಲವನ್ನೂ ನೆನೆಸುತ್ತದೆ. ಬ್ರೇಕ್ ಡಿಸ್ಕಿನ ಮೇಲೆ ಬಿದ್ದರಂತೂ ಅಪಾಯವೇ ಸರಿ. ಅದನ್ನು ದಯವಿಟ್ಟು ಮಾಡಿಸಬೇಡಿ.

ಉಷ್ಣದ ಬಗ್ಗೆ ತಾವು ಚಿಂತಿಸಬೇಕಾಗಿಲ್ಲ. ಸಾಮಾನ್ಯ ಲಿಥಿಯಂ ಗ್ರೀಸ್ ಕರಗಿ ತೊಟ್ಟಿಕ್ಕಲು ಸುಮಾರು 180 ಡಿಗ್ರಿ ಬೇಕು. ವಿಜಯಪುರದ ಮೇ ತಿಂಗಳಲ್ಲೂ ಬುಷ್ ಆ ಮಟ್ಟದ ಹತ್ತಿರಕ್ಕೂ ಹೋಗುವುದಿಲ್ಲ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದ ಉಷ್ಣಾಂಶಕ್ಕೆ ಹೆಚ್ಚು ಹಣ ಕೊಡುವುದು ಗಾಲಿಯ ಬೇರಿಂಗಿಗೆ ಅರ್ಥಪೂರ್ಣ, ಬುಷ್‌ಗೆ ಅಲ್ಲ.

ಇನ್ನು ಸದ್ದು. ನೀರು ಬಿದ್ದಾಗ ನಿಂತು, ಒಣಗಿದಾಗ ಮರಳುವ ಸದ್ದು ಒಂದು ಕಡೆ ರಬ್ಬರ್ ಲೋಹದ ಮೇಲೆ ಒಣಗಿ ಉಜ್ಜುತ್ತಿದೆ ಎಂಬುದನ್ನು ಹೇಳುತ್ತದೆ. ಇಬ್ಬರು ಸೇರಿ ನೋಡಿ. ಒಬ್ಬರು ಬಾನೆಟ್ಟಿನ ಮೂಲೆಯನ್ನು ಒತ್ತಿ ಬಿಡುತ್ತಿರಲಿ, ಇನ್ನೊಬ್ಬರು ಸಣ್ಣ ಮೂತಿಯ ಬಾಟಲಿಯಿಂದ ಒಂದು ಸಲಕ್ಕೆ ಒಂದೇ ಬುಷ್‌ಗೆ ನೀರು ಬಿಡಲಿ. ಮೊದಲು ಸ್ಟೆಬಿಲೈಜರ್ ಬಾರನ್ನು ಹಿಡಿದಿರುವ ಡಿ ಆಕಾರದ ಬುಷ್ (ಡಿ ಬುಷ್), ಆಮೇಲೆ ಲೋವರ್ ಆರ್ಮಿನ ಮುಂದಿನದು, ಹಿಂದಿನದು ಎಂಬ ಕ್ರಮವಿರಲಿ, ನಡುವೆ ಸ್ವಲ್ಪ ಕಾಯಿರಿ. ಎಲ್ಲಿ ನೀರು ಬಿದ್ದ ಕೂಡಲೇ ಸದ್ದು ಅಡಗುತ್ತದೆಯೋ ಅಲ್ಲಿಯೇ ಅದರ ಮೂಲವಿದೆ. ಗ್ರೀಸ್ ಕೊಳ್ಳುವುದು ಅದಾದ ಮೇಲಿನ ಮಾತು.

ನವನಗರ ಗ್ಯಾರೇಜ್, ಬಾಗಲಕೋಟೆ

ಮೇಲಿನ ಉತ್ತರವನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಎಂಪಿ3 ಎಂದರೆ ವಿಷ ಎಂಬ ಭಾವನೆ ಓದುಗರಿಗೆ ಬರಬಾರದು. ಬುಷ್‌ನ ಹೊರಗೆ ಬೆರಳಷ್ಟು ಗ್ರೀಸ್ ತಾಗಿದ ಮಾತ್ರಕ್ಕೆ ಅದು ನಾಳೆಯೇ ಹರಿದು ಹೋಗುವುದಿಲ್ಲ. ಒರೆಸಿ ಸೋಪುನೀರಿನಿಂದ ತೊಳೆದರೆ ಆಯಿತು. ವರ್ಷಗಟ್ಟಲೆ ಸರ್ವೀಸಿಗೊಮ್ಮೆ ಮೆತ್ತುತ್ತಾ ಹೋದಾಗ ಕೆಡುತ್ತದೆ. ಅಂಥ ಬುಷ್‌ಗಳು ನಮ್ಮಲ್ಲಿಗೆ ಬರುತ್ತವೆ. ಹೊರಗಿನ ತುಟಿ ಅಣಬೆಯ ಹಾಗೆ ಅರಳಿ, ಮುಟ್ಟಿದರೆ ಬೆಲ್ಲದ ಪಾಕದಂತೆ ನೂಲೆಳೆಯುತ್ತಿರುತ್ತದೆ.

ಎಂಪಿ3ಗೆ ಅದರದೇ ಆದ ಜಾಗವಿದೆ. ಕಬ್ಬಿನ ಟ್ರೇಲರ್, ಲಾರಿ, ಹಳೆಯ ಜೀಪುಗಳ ಪಟ್ಟಿ ಸ್ಪ್ರಿಂಗಿನ ಶ್ಯಾಕಲ್‌ಗಳಲ್ಲಿ (ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಹಿಡಿದಿಡುವ ಕೊಂಡಿಗಳಲ್ಲಿ) ಗನ್‌ಮೆಟಲ್ ಅಥವಾ ಉಕ್ಕಿನ ಬುಷ್ ಇದ್ದು, ಪಿನ್ನಿನ ತುದಿಯಲ್ಲಿ ಗ್ರೀಸ್ ತುಂಬುವ ನಿಪ್ಪಲ್ ಇದ್ದರೆ ಅಲ್ಲಿ ಲೋಹದ ಮೇಲೆ ಲೋಹ ಉಜ್ಜುತ್ತಿರುತ್ತದೆ. ಅಲ್ಲಿಗೆ ಲಿಥಿಯಂ ಗ್ರೀಸೇ ಸರಿ. ಭಾರ ಹೆಚ್ಚಿರುವಲ್ಲಿ ಇಪಿ ಎಂದು ಬರೆದಿರುವ, ಅಂದರೆ ಅತಿ ಒತ್ತಡ ತಡೆಯುವ ಅಂಶ ಸೇರಿರುವ ಗ್ರೀಸ್ ಇನ್ನೂ ಒಳ್ಳೆಯದು. ಗ್ರೀಸಿನ ಗಟ್ಟಿತನ ಸೂಚಿಸುವ ಎನ್‌ಎಲ್‌ಜಿಐ ದರ್ಜೆಯಲ್ಲಿ ಅಂಕೆ ಹೆಚ್ಚಾದಷ್ಟೂ ಗ್ರೀಸ್ ಗಟ್ಟಿ. 25 ಡಿಗ್ರಿಯಲ್ಲಿ ಗೊತ್ತಾದ ತೂಕದ ಶಂಕುವನ್ನು ಬಿಟ್ಟಾಗ ಅದು 2ನೇ ದರ್ಜೆಯ ಗ್ರೀಸಿನಲ್ಲಿ 26.5ರಿಂದ 29.5 ಮಿಲಿಮೀಟರ್, 3ನೇ ದರ್ಜೆಯಲ್ಲಿ 22ರಿಂದ 25 ಮಿಲಿಮೀಟರ್ ಇಳಿಯುತ್ತದೆ. ಕೈಯಿಂದ ಒತ್ತುವ ಗನ್ನಿನಲ್ಲಿ 2ನೆಯದು ಸಲೀಸಾಗಿ ಹೋಗುತ್ತದೆ. ಕಬ್ಬಿನ ಹಂಗಾಮಿನಲ್ಲಿ ಟ್ರೇಲರಿನ ನಿಪ್ಪಲ್‌ಗೆ ಗ್ರೀಸ್ ಹೊಡೆಯುವವರಿಗೆ ನಾನು ಹೇಳುವುದು ಒಂದೇ: ಹಳೆಯ ಕಪ್ಪು ಗ್ರೀಸ್ ಪೂರ್ತಿ ಹೊರಬಂದು ಹೊಸದರ ಬಣ್ಣ ಕಾಣುವ ತನಕ ಒತ್ತಬೇಕು. ಮಣ್ಣು ಹೊರಗೆ ಬೀಳುವುದು ಹಾಗೆ ಒತ್ತಿದಾಗ ಮಾತ್ರ.

ಸಿಲಿಕೋನ್ ಗ್ರೀಸನ್ನು ಬಾಲ್ ಜಾಯಿಂಟಿಗೋ (ಗುಂಡಿನಾಕಾರದ ಕೀಲಿಗೋ) ಶ್ಯಾಕಲ್ ಪಿನ್ನಿಗೋ ತುಂಬುವುದೂ ಅಷ್ಟೇ ತಪ್ಪು. ಉಕ್ಕು ಉಕ್ಕಿನ ಮೇಲೆ ಭಾರದಿಂದ ಉಜ್ಜುವಲ್ಲಿ ಸಿಲಿಕೋನ್ ಪದರ ನಿಲ್ಲುವುದಿಲ್ಲ. ದುಬಾರಿ ಗ್ರೀಸ್ ಎಲ್ಲ ಕಡೆಗೂ ಒಳ್ಳೆಯದಿರಬೇಕು ಎಂದು ತಿಳಿದು ಹಾಗೆ ಮಾಡಿಸಿಕೊಂಡು ಬಂದವರನ್ನೂ ನೋಡಿದ್ದೇನೆ.

ಕಾರಿನ ವಿಷಯಕ್ಕೆ ಬರೋಣ. ತಮ್ಮ ವರ್ಣನೆ ನೋಡಿದರೆ ನನಗೆ ಡಿ ಬುಷ್‌ನ ಮೇಲೆಯೇ ಅನುಮಾನ. ಅದು ಬಾರನ್ನು ತಬ್ಬಿ ಹಿಡಿದಿರುತ್ತದೆ, ಹಲವು ಗಾಡಿಗಳಲ್ಲಿ ಬಾರಿಗೆ ಅಂಟಿಸಿರುವುದಿಲ್ಲ. ರಬ್ಬರ್ ಹಳೆಯದಾಗಿ ಹಿಡಿತ ಸಡಿಲಿದ ಮೇಲೆ ಬಾರು ಅದರೊಳಗೆ ಜಾರುತ್ತದೆ, ಎರೆಮಣ್ಣಿನ ಸಣ್ಣ ಹುಡಿ ಒಳಗೆ ಸೇರಿ ಉಜ್ಜುವ ಕಾಗದದ ಕೆಲಸ ಮಾಡುತ್ತದೆ. ಅಂಥ ಸ್ಥಿತಿಯಲ್ಲಿ ಹೊರಗಿನಿಂದ ಏನನ್ನು ಸ್ಪ್ರೇ ಮಾಡಿದರೂ ಒಂದೆರಡು ವಾರದ ನೆಮ್ಮದಿ ಮಾತ್ರ ಸಿಗುತ್ತದೆ. ಬ್ರಾಕೆಟ್ ಬಿಚ್ಚಿ, ಬಾರಿನ ಆ ಭಾಗವನ್ನು ಚೆನ್ನಾಗಿ ಒರೆಸಿ ನೋಡಬೇಕು. ಬಾರು ಸವೆದು ತಗ್ಗು ಬಿದ್ದಿಲ್ಲವಾದರೆ ಹೊಸ ಬುಷ್ ಹಾಕಿ, ಅದರ ಸೀಳು ಮೊದಲು ಯಾವ ಕಡೆಗಿತ್ತೋ ಅದೇ ಕಡೆಗೆ ಇಟ್ಟು ಕೂರಿಸಬೇಕು. ಬುಷ್ ಬೆಲೆ ಹೆಚ್ಚೇನಿಲ್ಲ. ಒಂದು ಕಡೆ ಹೋಗಿದ್ದರೂ ಎರಡೂ ಕಡೆ ಬದಲಿಸಿ.

ಗುಮ್ಮಟನಗರಿ, ವಿಜಯಪುರ

ಇಬ್ಬರಿಗೂ ಅನಂತ ಧನ್ಯವಾದಗಳು. ನೀರಿನ ಪರೀಕ್ಷೆ ಮಾಡಿದೆವು. ಎಡಗಡೆಯ ಡಿ ಬುಷ್‌ಗೆ ನೀರು ಬಿಟ್ಟ ತಕ್ಷಣ ಸದ್ದು ನಿಂತಿತು, ಬಲಗಡೆ ಅಂಥ ವ್ಯತ್ಯಾಸವೇನೂ ಕಾಣಲಿಲ್ಲ. ಅದರ ಜೊತೆಗೆ ಎಡಗಡೆಯ ಲೋವರ್ ಆರ್ಮಿನ ಹಿಂದಿನ ಬುಷ್ ಅಂಚಿನಲ್ಲಿ ಅರ್ಧಚಂದ್ರಾಕಾರವಾಗಿ ಬಿರಿದಿರುವುದೂ ಕಂಡಿತು. ವಿಶೇಷವೆಂದರೆ ಆ ಬುಷ್ ಹಳೆಯದಲ್ಲ, ಹಿಂದಿನ ವರ್ಷವಷ್ಟೇ ಒಂದು ಗ್ಯಾರೇಜಿನಲ್ಲಿ ಹಾಕಿಸಿದ್ದು. ಅದಕ್ಕೆ ಗ್ರೀಸನ್ನೂ ಹಚ್ಚಿಲ್ಲ, ಆಯಿಲನ್ನೂ ಹೊಡೆಸಿಲ್ಲ. ಹಾಗಿದ್ದರೂ ಇಷ್ಟು ಬೇಗ ಏಕೆ ಬಿರಿಯಿತು? ಹಾಗೆಯೇ ಪಾಲಿಯುರೆಥೇನ್ ಬುಷ್‌ಗಳ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಅವುಗಳಿಗೆ ಗ್ರೀಸ್ ಬೇಕೇ ಬೇಡವೇ?

ಘಟ್ಟದಂಚು, ಖಾನಾಪುರ

ಪಾಲಿಯುರೆಥೇನ್ ಬುಷ್‌ಗಳ ಬಗ್ಗೆ ನಾನು ಬರೆಯುತ್ತೇನೆ, ನನ್ನ ಗಾಡಿಯಲ್ಲಿ ಅವೇ ಇವೆ. ಗಾಡಿ ಚೋರ್ಲಾ ಘಾಟಿನ ಮಳೆಯಲ್ಲಿ ಓಡಾಡುವಂಥದ್ದು.

ಅವು ರಬ್ಬರ್ ಬುಷ್‌ಗಳಿಗೆ ತದ್ವಿರುದ್ಧವಾಗಿ ಕೆಲಸ ಮಾಡುತ್ತವೆ. ಹೆಚ್ಚಿನವುಗಳಲ್ಲಿ ಪಾಲಿಯುರೆಥೇನ್ ಒಳಗಿನ ಕೊಳವೆಗೆ ಅಂಟಿರುವುದಿಲ್ಲ, ಅದರ ಮೇಲೆ ಜಾರುತ್ತಾ ತಿರುಗುತ್ತದೆ. ಆದ್ದರಿಂದ ಅಲ್ಲಿ ಗ್ರೀಸ್ ಬೇಕೇ ಬೇಕು. ಇಲ್ಲದಿದ್ದರೆ ನೀವು ಈಗ ಕೇಳುತ್ತಿರುವ ಸದ್ದಿಗಿಂತ ಜೋರಾಗಿ ಕಿರುಚುತ್ತದೆ. ಪಾಲಿಯುರೆಥೇನ್ ಖನಿಜ ಎಣ್ಣೆಯನ್ನು ನೈಸರ್ಗಿಕ ರಬ್ಬರಿಗಿಂತ ಎಷ್ಟೋ ಚೆನ್ನಾಗಿ ತಡೆದುಕೊಳ್ಳುತ್ತದೆ, ಹಾಗಾಗಿ ಎಂಪಿ3 ಹಚ್ಚಿದರೆ ಬುಷ್ ಊದಿಕೊಳ್ಳುತ್ತದೆ ಎಂಬ ಭಯ ಇಲ್ಲಿ ಅಷ್ಟಾಗಿ ಇಲ್ಲ. ಇಲ್ಲಿ ಎಂಪಿ3 ಸೋಲುವುದು ಮಳೆ, ಕೆಸರುಗಳಿಗೆ. ನೀರು ಹೊಡೆದಂತೆಲ್ಲ ಅದು ಜಾಗ ಬಿಡುತ್ತದೆ, ಒಳಗೆ ಉಳಿದದ್ದು ಗಟ್ಟಿಯಾಗಿ ಮತ್ತೆ ಸದ್ದು ಹುಟ್ಟುತ್ತದೆ. ಬುಷ್ ಕಿಟ್ಟಿನ ಜೊತೆ ಬರುವ ಬಿಳಿಚಾದ, ಎಳೆದರೆ ಅಂಟಂಟಾಗಿ ಬರುವ ಸಿಲಿಕೋನ್ ಗ್ರೀಸನ್ನೇ ಬಳಸಿ. ಪಿಟಿಎಫ್‌ಇ (ಟೆಫ್ಲಾನ್) ಪುಡಿ ಸೇರಿರುವುದು ಸಿಕ್ಕರೆ ಇನ್ನೂ ಒಳ್ಳೆಯದು. ಕೊಳವೆಯ ಹೊರಮೈ, ಬುಷ್‌ನ ಒಳಮೈ, ಜೊತೆಗೆ ಬ್ರಾಕೆಟ್ಟಿಗೆ ತಾಗುವ ಎರಡೂ ಪಕ್ಕದ ಮುಖಗಳಿಗೆ ಹಚ್ಚಬೇಕು. ಪಕ್ಕದ ಮುಖಗಳನ್ನು ಹೆಚ್ಚಿನವರು ಮರೆಯುತ್ತಾರೆ, ಸದ್ದು ಅಲ್ಲಿಂದಲೇ ಬರುತ್ತದೆ.

ಅಂಗಡಿಯಲ್ಲಿ ಕೊಳ್ಳುವಾಗ ಒಂದು ಎಚ್ಚರಿಕೆ ಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಸುಮ್ಮನೆ "ಸಿಲಿಕೋನ್ ಕೊಡಿ" ಎಂದರೆ ಕಿಟಕಿಯ ಗಾಜಿಗೆ ಹಚ್ಚುವ ಸೀಲೆಂಟನ್ನು ಕೊಟ್ಟು ಕಳಿಸುತ್ತಾರೆ. ಅದು ಗಾಳಿಗೆ ತೆರೆದುಕೊಂಡು ರಬ್ಬರಾಗಿ ಗಟ್ಟಿಯಾಗುವ ವಸ್ತು, ಬಹಳಷ್ಟಕ್ಕೆ ವಿನೆಗರ್ ವಾಸನೆ ಇರುತ್ತದೆ. ಗ್ರೀಸ್ ಎಂದೂ ಗಟ್ಟಿಯಾಗಬಾರದು. ಸಿಲಿಕೋನ್ ಗ್ರೀಸ್ ಸಿಗದ ಊರಿನಲ್ಲಿ ಬ್ರೇಕಿನ ರಬ್ಬರ್ ಭಾಗಗಳಿಗೆಂದು ಮಾರುವ ಕೆಂಪು ರಬ್ಬರ್ ಗ್ರೀಸ್ ಇದ್ದರೆ ರಬ್ಬರ್ ಡಿ ಬುಷ್‌ಗೆ ಅದೂ ನಡೆಯುತ್ತದೆ. ಅದರಲ್ಲಿರುವುದು ಔಡಲೆಣ್ಣೆ, ನೈಸರ್ಗಿಕ ರಬ್ಬರಿಗೆ ಅದರಿಂದ ತೊಂದರೆಯಿಲ್ಲ. ಸಿಲಿಕೋನ್ ಮುಟ್ಟಿದ ಕೈಯಿಂದ ಗಾಡಿಯ ಮೈಗೆ ಪೇಂಟ್ ಹೊಡೆಯುವ ಜಾಗಕ್ಕೆ ಮಾತ್ರ ಹೋಗಬೇಡಿ. ಅದರ ಲೇಶ ತಗುಲಿದರೂ ಹೊಸ ಬಣ್ಣದಲ್ಲಿ ಸಣ್ಣ ಸಣ್ಣ ಕುಳಿ ಬೀಳುತ್ತವೆ, ಪೇಂಟರ್‌ಗಳಿಗೆ ಸಿಟ್ಟು ಬರುವುದರಲ್ಲಿ ಅರ್ಥವಿದೆ.

ಕೊಳ್ಳುವ ಮೊದಲು ಪಾಲಿಯೀಥರ್ ಬಗೆಯದೋ ಪಾಲಿಯೆಸ್ಟರ್ ಬಗೆಯದೋ ಎಂದು ಕೇಳಿ. ಬಿಸಿ ಮತ್ತು ತೇವದಲ್ಲಿ ಪಾಲಿಯೆಸ್ಟರ್ ಬಗೆಯ ಪಾಲಿಯುರೆಥೇನ್ ನೀರಿನೊಡನೆ ವರ್ತಿಸಿ ಕ್ರಮೇಣ ಪುಡಿಯಾಗುತ್ತದೆ, ಪಾಲಿಯೀಥರ್ ಬಗೆಯದು ನೀರನ್ನು ತಡೆದುಕೊಳ್ಳುತ್ತದೆ. ನಮ್ಮ ಖಾನಾಪುರದ ಮಳೆಗೆ ಇದು ದೊಡ್ಡ ವಿಷಯ, ವಿಜಯಪುರದಲ್ಲಿ ಅಷ್ಟಿಲ್ಲ.

ಆದರೂ ನಾನು ನಿಮ್ಮ ಜಾಗದಲ್ಲಿದ್ದರೆ ಪಾಲಿಯುರೆಥೇನ್ ಹಾಕಿಸುತ್ತಿರಲಿಲ್ಲ. ಗಡಸುತನ ಹೆಚ್ಚಾದ್ದರಿಂದ ತಿರುವಿನಲ್ಲಿ ಗಾಡಿ ಹಿಡಿತದಲ್ಲಿರುತ್ತದೆ ನಿಜ, ಆದರೆ ರಸ್ತೆಯ ಪ್ರತಿ ಏರಿಳಿತವೂ ಒಳಗೆ ಕೇಳಿಸುತ್ತದೆ. ಆಗಾಗ ಬಿಚ್ಚಿ, ಒರೆಸಿ, ಹೊಸ ಗ್ರೀಸ್ ಹಚ್ಚುವ ಕೆಲಸವೂ ಗಂಟು ಬೀಳುತ್ತದೆ. ಎರೆಮಣ್ಣಿನ ಧೂಳಿನಲ್ಲಿ ಓಡುವ ಗಾಡಿಗೆ, ಜಾರುವ ಮೇಲ್ಮೈಯೇ ಇಲ್ಲದ ಅಂಟಿಸಿದ ರಬ್ಬರ್ ಬುಷ್‌ನಂಥ ಅನುಕೂಲ ಇನ್ನೊಂದಿಲ್ಲ.

ಉದ್ಯಮಬಾಗದ ರಬ್ಬರ್ ಕೆಲಸದವ, ಬೆಳಗಾವಿ

ಹಿಂದಿನ ವರ್ಷ ಹಾಕಿಸಿದ ಬುಷ್ ಬಿರಿದಿರುವುದರ ಬಗ್ಗೆ. ಗಾಡಿಯನ್ನು ನೋಡದೆ ಖಚಿತವಾಗಿ ಹೇಳಲಾಗದಿದ್ದರೂ, ಹೊಸ ಬುಷ್ ಬೇಗ ಬಿರಿದಾಗ ಮೊದಲು ಕೇಳಬೇಕಾದ ಪ್ರಶ್ನೆ ಬೋಲ್ಟನ್ನು ಯಾವ ಸ್ಥಿತಿಯಲ್ಲಿ ಬಿಗಿದರು ಎಂಬುದು. ಜ್ಯಾಕಿನ ಮೇಲೆ ಗಾಡಿ ಎತ್ತಿದಾಗ ಗಾಲಿ ಕೆಳಕ್ಕೆ ಜೋತು ಬಿದ್ದು ಆರ್ಮ್ ಕೆಳಮುಖವಾಗಿರುತ್ತದೆ. ಬೋಲ್ಟನ್ನು ಪೂರ್ತಿ ಬಿಗಿದಾಗ ಬ್ರಾಕೆಟ್ಟಿನ ಎರಡು ಕಿವಿಗಳ ನಡುವೆ ಬುಷ್‌ನ ಒಳಕೊಳವೆ ಕಚ್ಚಿಕೊಂಡು ನಿಲ್ಲುತ್ತದೆ. ಆಮೇಲೆ ಗಾಡಿಯನ್ನು ನೆಲಕ್ಕಿಳಿಸಿದರೆ ಆರ್ಮ್ ಮೇಲಕ್ಕೆ ಬರುತ್ತದೆ, ಕೊಳವೆ ತಿರುಗುವುದಿಲ್ಲ, ನಡುವಿನ ರಬ್ಬರ್ ತಿರುಚಿಕೊಳ್ಳುತ್ತದೆ. ಗಾಡಿ ಮನೆಯ ಮುಂದೆ ಸುಮ್ಮನೆ ನಿಂತಿದ್ದರೂ ಆ ತಿರುಚು ಹಾಗೆಯೇ ಇರುತ್ತದೆ. ಅದರ ಮೇಲೆ ಉಬ್ಬುಗಳ ಆಟ ಸೇರಿದಾಗ ರಬ್ಬರ್ ತನ್ನ ಮಿತಿಯನ್ನು ದಾಟಿ ಅಂಚಿನಿಂದ ಹರಿಯಲು ತೊಡಗುತ್ತದೆ. ಯಾವ ಗ್ರೀಸೂ ಇದನ್ನು ತಪ್ಪಿಸಲಾರದು.

ಆದ್ದರಿಂದ ಹೊಸ ಬುಷ್ ಹಾಕುವಾಗ ಬೋಲ್ಟನ್ನು ಕೈಬಿಗಿಯಷ್ಟೇ ಇಟ್ಟು, ಗಾಡಿಯ ಭಾರ ಗಾಲಿಗಳ ಮೇಲೆ ಬಿದ್ದ ನಂತರ ತಯಾರಕರು ಹೇಳಿದ ಟಾರ್ಕಿಗೆ (ಬಿಗಿತದ ಅಳತೆಗೆ) ಬಿಗಿಯಲು ಗ್ಯಾರೇಜಿನವರಿಗೆ ತಾವೇ ಎದುರಿಗೆ ನಿಂತು ಹೇಳಿ. ನೆಲದಲ್ಲಿ ಗುಂಡಿ ಇರುವ ಗ್ಯಾರೇಜಿನಲ್ಲಿ ಇದು ಸುಲಭ. ಅದಿಲ್ಲದಿದ್ದರೆ ಆರ್ಮಿನ ಹೊರತುದಿಯ ಕೆಳಗೆ ಇನ್ನೊಂದು ಜ್ಯಾಕು ಕೊಟ್ಟು, ಗಾಲಿ ನೆಲದ ಮೇಲೆ ನಿಂತಾಗ ಎಷ್ಟು ಎತ್ತರದಲ್ಲಿರುತ್ತದೋ ಅಷ್ಟಕ್ಕೆ ಎತ್ತಿ ಬಿಗಿಯಬಹುದು. ಆ ಎತ್ತರವನ್ನು ಕೆಲಸ ಶುರು ಮಾಡುವ ಮುನ್ನವೇ ಗಾಲಿಯ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ಟೇಪಿನಲ್ಲಿ ಅಳೆದು ಬರೆದಿಟ್ಟುಕೊಳ್ಳಬೇಕು.

ಪ್ರೆಸ್ಸಿನಲ್ಲಿ ಬುಷ್ ಕೂರಿಸುವಾಗಲೂ ಎರಡು ಸಂಗತಿ ನೋಡಬೇಕು. ಹೊರಗೆ ಲೋಹದ ಕವಚವಿಲ್ಲದ ರಬ್ಬರ್ ಬುಷ್ ಆದರೆ ಪಾತ್ರೆ ತೊಳೆಯುವ ಸೋಪಿನ ನೀರು ಹಚ್ಚಿ ಒಳಗೆ ತಳ್ಳಲಿ. ಅದು ಒಣಗಿದ ಮೇಲೆ ಬುಷ್ ಕಚ್ಚಿ ಕೂರುತ್ತದೆ. ಗ್ರೀಸ್ ಹಚ್ಚಿ ತಳ್ಳಿದರೆ ಸದಾ ಜಾರುತ್ತಿರುತ್ತದೆ. ಎರಡನೆಯದು, ಆರ್ಮಿನ ಹಿಂಭಾಗದ ಬುಷ್‌ನ ರಬ್ಬರಿನಲ್ಲಿ ಬೇಕೆಂದೇ ಬಿಟ್ಟ ಟೊಳ್ಳುಗಳಿರಬಹುದು. ಅವು ಯಾವ ದಿಕ್ಕಿಗೆ ಮುಖ ಮಾಡಬೇಕೆಂಬುದು ನಿಗದಿಯಾಗಿರುತ್ತದೆ. ಹಳೆಯದನ್ನು ತೆಗೆಯುವ ಮೊದಲು ಆರ್ಮಿನ ಮೇಲೆ ಸುಣ್ಣದ ಕಡ್ಡಿಯಿಂದ ಗುರುತು ಹಾಕಿಕೊಳ್ಳಲಿ. ಟೊಳ್ಳನ್ನು ಬಿರುಕೆಂದು ತಿಳಿದು ಒಳ್ಳೆಯ ಬುಷ್ ಎಸೆಯುವುದೂ ಉಂಟು, ಹಾಗಾಗಿ ತಮ್ಮ ಅರ್ಧಚಂದ್ರ ಎರಡೂ ಕಡೆಯ ಆರ್ಮಿನಲ್ಲಿ ಒಂದೇ ರೀತಿ, ನುಣುಪಾದ ಅಂಚಿನೊಂದಿಗೆ ಇದೆಯೇ ಎಂದು ಇನ್ನೊಮ್ಮೆ ಟಾರ್ಚು ಹಿಡಿದು ನೋಡಿ. ಬಿರುಕಾಗಿದ್ದರೆ ಅಂಚು ಒರಟಾಗಿ, ಹರಿದ ಹಾಗೆ ಇರುತ್ತದೆ; ಸಣ್ಣ ಪ್ರೈ ಬಾರಿನಿಂದ ಆರ್ಮನ್ನು ಮೀಟಿದಾಗ ಅಗಲವಾಗಿ ಬಾಯಿ ಬಿಡುತ್ತದೆ.

ಗುಮ್ಮಟನಗರಿ, ವಿಜಯಪುರ

ಟಾರ್ಚು ಹಿಡಿದು ನೋಡಿದೆ. ಬಲಗಡೆ ಅಂಥದ್ದು ಇಲ್ಲ, ಎಡಗಡೆಯದರ ಅಂಚು ಒರಟಾಗಿದೆ, ಮೀಟಿದರೆ ತೆರೆದುಕೊಳ್ಳುತ್ತದೆ. ಎರಡೂ ಡಿ ಬುಷ್‌ಗಳನ್ನೂ ಎಡಗಡೆಯ ಆರ್ಮಿನ ಹಿಂದಿನ ಬುಷ್ಷನ್ನೂ ರಬ್ಬರಿನದೇ ತರಿಸಲು ಹೇಳಿದ್ದೇನೆ. ಹೊಸ ಡಿ ಬುಷ್‌ನ ಒಳಮೈಗೆ ಸಿಲಿಕೋನ್ ಗ್ರೀಸ್ ತೆಳುವಾಗಿ ಹಚ್ಚಬೇಕೇ, ಒಣದಾಗಿಯೇ ಹಾಕಬೇಕೇ?

ನವನಗರ ಗ್ಯಾರೇಜ್, ಬಾಗಲಕೋಟೆ

ಒಳಮೈಯಲ್ಲಿ ಬಟ್ಟೆಯಂಥ ಬಿಳಿ ಅಥವಾ ಬೂದು ಪದರ ಇದ್ದರೆ ಅದು ಜಾರಲೆಂದೇ ಹಾಕಿದ ಲೈನಿಂಗ್, ಒಣದಾಗಿಯೇ ಹಾಕಿ. ಬರಿಯ ರಬ್ಬರಾಗಿದ್ದು ಗಾಡಿಯ ಸರ್ವೀಸ್ ಪುಸ್ತಕದಲ್ಲಿ ಗ್ರೀಸ್ ಎಂದು ಹೇಳಿಲ್ಲದಿದ್ದರೆ ಆಗಲೂ ಒಣದಾಗಿಯೇ ಹಾಕಿ ಓಡಿಸಿ ನೋಡಿ, ಹೊಸ ರಬ್ಬರಿನ ಹಿಡಿತದಲ್ಲಿ ಸಾಮಾನ್ಯವಾಗಿ ಸದ್ದು ಇರುವುದಿಲ್ಲ. ಮುಂದೆ ಎಂದಾದರೂ ಕಿರುಗುಟ್ಟಿದರೆ ಬ್ರಾಕೆಟ್ ಬಿಚ್ಚಿ, ಬಾರನ್ನು ಒರೆಸಿ, ಕಡಲೆಬೇಳೆಯಷ್ಟು ಸಿಲಿಕೋನ್ ಗ್ರೀಸನ್ನು ಒಳಗೆ ಸವರಿ ಮತ್ತೆ ಕೂರಿಸಿದರೆ ಆಯಿತು.